ಮೂರನೇ ಹಳಿಯಲ್ಲಿ ಇನ್ನೂ ಕರೆಂಟಿದೆ

ಬ್ರೂಕ್ಲಿನ್‌ನಲ್ಲಿ ಬೋರಮ್ ಪ್ಲೇಸ್ ಮತ್ತು ಶರ್ಮರ್‌ಹಾರ್ನ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ, ಫುಟ್‌ಪಾತಿನಿಂದ ನೆಲದೊಳಕ್ಕೆ ಇಳಿಯುವ ಮೆಟ್ಟಿಲುಗಳಿವೆ. ನ್ಯೂಯಾರ್ಕಿನಲ್ಲಿ ಇಂಥ ಮೆಟ್ಟಿಲುಗಳಿಗೇನೂ ಬರವಿಲ್ಲ. ಊರಿಗೆ ಹೊಸಬರು ಯಾರಾದರೂ ಇದೂ ಒಂದು ಸಬ್‌ವೇ ನಿಲ್ದಾಣವೆಂದುಕೊಂಡು ದಡದಡ ಇಳಿದರೆ ತಪ್ಪೆನ್ನುವಂತಿಲ್ಲ. ಕೆಳಗೆ ಇರುವುದು ನಿಲ್ದಾಣವೇ. ಪ್ಲಾಟ್‌ಫಾರ್ಮಿದೆ, ಅದರ ಎರಡೂ ಬದಿಗೆ ಬಾಗಿಲು ತೆರೆದುಕೊಂಡ ರೈಲುಗಳಿವೆ. ಹತ್ತಿ ಕೂತರೆ ಮಾತ್ರ ಹೊರಡುವುದಿಲ್ಲ.

ಕೋರ್ಟ್ ಸ್ಟ್ರೀಟ್ ಎಂಬ ಈ ನಿಲ್ದಾಣ ಶುರುವಾದದ್ದು 1936ರಲ್ಲಿ. ಪಕ್ಕದ ಹಾಯ್ಟ್–ಶರ್ಮರ್‌ಹಾರ್ನ್ ನಿಲ್ದಾಣಕ್ಕೂ ಇಲ್ಲಿಗೂ ನಡುವೆ ಓಡಾಡುವ ಪುಟ್ಟ ರೈಲೊಂದೇ ಇದರ ಪಾಲಿಗೆ ಬಂದದ್ದು. ಒಂದು ನಿಲ್ದಾಣದಷ್ಟು ದೂರಕ್ಕೆ ರೈಲು ಕಾಯುತ್ತ ನಿಲ್ಲುವವರು ಯಾರು? ಸುತ್ತಮುತ್ತ ಬೇರೆ ನಿಲ್ದಾಣಗಳೂ ಇದ್ದವು. ಹತ್ತೇ ವರ್ಷಕ್ಕೆ, 1946ರಲ್ಲಿ, ಬಾಗಿಲು ಮುಚ್ಚಿತು. ಮುಂದಿನ ಮೂವತ್ತು ವರ್ಷ ಇಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಸಿನಿಮಾದವರು. ಸಬ್‌ವೇ ರೈಲೊಂದನ್ನು ಅಪಹರಿಸುವ ಕಥೆಯ ‘ದ ಟೇಕಿಂಗ್ ಆಫ್ ಪೆಲ್ಹಮ್ ಒನ್ ಟೂ ತ್ರೀ’ ಚಿತ್ರದ ಚಿತ್ರೀಕರಣ ಇಲ್ಲೇ ನಡೆಯಿತು. 1976ರ ಜುಲೈ 4ರಂದು ಅಮೆರಿಕ ತನ್ನ ಸ್ವಾತಂತ್ರ್ಯದ ಇನ್ನೂರನೇ ವರ್ಷವನ್ನು ಆಚರಿಸಿದಾಗ, ಸಾರಿಗೆ ಇಲಾಖೆಯವರು ಗುಜರಿಗೆ ಹೋಗದೆ ಉಳಿದಿದ್ದ ಹಳೆಯ ಬೋಗಿಗಳನ್ನು ಇಲ್ಲಿ ಸಾಲಾಗಿ ನಿಲ್ಲಿಸಿ ಒಂದು ಪ್ರದರ್ಶನ ಏರ್ಪಡಿಸಿದರು. ಪ್ರವೇಶಕ್ಕೆ ಸಬ್‌ವೇ ಟೋಕನ್ನೇ ಟಿಕೆಟು. ಹಬ್ಬ ಮುಗಿದ ಮೇಲೆ ಮುಚ್ಚುವುದೆಂದಿತ್ತು. ಜನ ಬರುವುದು ನಿಲ್ಲಲಿಲ್ಲ, ಅವರು ಮುಚ್ಚಲೂ ಇಲ್ಲ. ಇವತ್ತು ಅದೇ ನ್ಯೂಯಾರ್ಕ್ ಟ್ರಾನ್ಸಿಟ್ ಮ್ಯೂಸಿಯಂ.

ಪ್ಲಾಟ್‌ಫಾರ್ಮಿನ ಒಂದು ತುದಿಯಿಂದ ನಡೆಯುತ್ತ ಬನ್ನಿ. ಇಪ್ಪತ್ತನೇ ಶತಮಾನದ ಮೊದಲ ದಶಕದ ಮರದ ಬೋಗಿಗಳು ಸಿಗುತ್ತವೆ. ಇವು ಸುರಂಗದವಲ್ಲ, ಬೀದಿಯ ಮೇಲೆ ಕಬ್ಬಿಣದ ಕಂಬಗಳ ಮೇಲೆ ಓಡುತ್ತಿದ್ದವು. ಬೋಗಿಯ ಎರಡೂ ತುದಿಗೆ ಮನೆಯ ಜಗಲಿಯಷ್ಟು ತೆರೆದ ಜಾಗ, ಅದಕ್ಕೊಂದು ಕಬ್ಬಿಣದ ಗೇಟು. ಎರಡು ಬೋಗಿಗಳ ನಡುವೆ ನಿಂತ ಗಾರ್ಡು ಸನ್ನೆಕೋಲು ಎಳೆದು ಗೇಟು ತೆಗೆಯಬೇಕು, ಹಾಕಬೇಕು. ಜನವರಿಯ ಹಿಮದಲ್ಲಿಯೂ ಅದೇ ಕೆಲಸ. ಮರದ ಬೋಗಿಗಳು ಸುರಂಗಕ್ಕೆ ಎಷ್ಟು ಅಪಾಯ ಎಂಬುದನ್ನು ಬ್ರೂಕ್ಲಿನ್ ಕಲಿತದ್ದು 1918ರ ನವೆಂಬರ್ 1ರಂದು. ಮಾಲ್ಬೋನ್ ಸ್ಟ್ರೀಟಿನ ತಿರುವಿನಲ್ಲಿ ಅತಿವೇಗದ ರೈಲೊಂದು ಹಳಿ ತಪ್ಪಿ, ಮರದ ಬೋಗಿಗಳು ಸುರಂಗದ ಗೋಡೆಗೆ ಬಡಿದು ಚೂರಾಗಿ, ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. 1904ರಲ್ಲಿ ಮೊದಲ ಸಬ್‌ವೇ ತೆರೆದ ಕಂಪನಿಯವರು ಇದನ್ನು ಮುಂಚೆಯೇ ಊಹಿಸಿದ್ದರು. ಅವರ ಎಂಜಿನಿಯರ್ ಜಾರ್ಜ್ ಗಿಬ್ಸ್ ಪಟ್ಟುಹಿಡಿದು ಪೂರ್ತಿ ಉಕ್ಕಿನ ಬೋಗಿ ಕಟ್ಟಿಸಿದ್ದ. ಅಂಥದ್ದೊಂದು ಬೋಗಿ ಇವತ್ತೂ ಮೇನ್ ರಾಜ್ಯದ ಸೀಶೋರ್ ಟ್ರಾಲಿ ಮ್ಯೂಸಿಯಂನಲ್ಲಿದೆ.

ಮುಂದೆ ಬಂದರೆ 1930ರ ಆರ್-1 ಮಾದರಿ. ಬೋಗಿ ಸಂಖ್ಯೆ 100. ಬೆತ್ತದ ಹೆಣಿಗೆಯ ಸೀಟುಗಳು, ಚಾವಣಿಯಲ್ಲಿ ನಿಧಾನ ತಿರುಗುವ ರೆಕ್ಕೆಯ ಫ್ಯಾನುಗಳು, ಮುಚ್ಚಳವಿಲ್ಲದ ಹಳದಿ ಬಲ್ಬುಗಳು, ನಿಂತವರಿಗೆ ಹಿಡಿಯಲು ಮೇಲಿನಿಂದ ಜೋತ ಕಬ್ಬಿಣದ ಹಿಡಿಗಳು. ಕಿಟಕಿಯ ಮೇಲಿನ ಸಾಲಿನಲ್ಲಿ ಆ ಕಾಲದ ಸೋಪು, ಸಿಗರೇಟು, ಯುದ್ಧಸಾಲದ ಜಾಹೀರಾತುಗಳು. ಈ ಮಾದರಿಯಿಂದ ಆರ್-9ರವರೆಗಿನ 1,703 ಬೋಗಿಗಳು ಹತ್ತು ವರ್ಷದಲ್ಲಿ ತಯಾರಾದವು. ಅಭಿಮಾನಿಗಳು ಇವೆಲ್ಲವನ್ನೂ ಒಟ್ಟಾಗಿ ಕರೆಯುವ ಹೆಸರು ‘ಆರ್ನೈನ್ಸ್’. ಕಟ್ಟಕಡೆಯ ಆರ್ನೈನ್ ದುಡಿಮೆಯಿಂದ ನಿವೃತ್ತಿಯಾದದ್ದು 1977ರಲ್ಲಿ.

ಇನ್ನೊಂದೆಡೆ ಬಡ್ ಕಂಪನಿ 1949ರಲ್ಲಿ ಮಾಡಿದ ಸ್ಟೇನ್‌ಲೆಸ್ ಸ್ಟೀಲಿನ ಆರ್-11. ಬಾಗಿಲಲ್ಲಿ ಹಡಗಿನ ಕಿಟಕಿಯಂಥ ದುಂಡು ಗಾಜು, ಗಾಳಿಯಲ್ಲಿನ ರೋಗಾಣು ಕೊಲ್ಲಲು ನೇರಳಾತೀತ ದೀಪ. ಹತ್ತೇ ಬೋಗಿಗಳು, ಒಂದೊಂದಕ್ಕೆ ಲಕ್ಷ ಡಾಲರಿಗೂ ಮೇಲೆ. ಆದ್ದರಿಂದ ಅದಕ್ಕೆ ‘ಮಿಲಿಯನ್ ಡಾಲರ್ ರೈಲು’ ಎಂದೇ ಹೆಸರು. ಅದನ್ನು ಮಾಡಿಸಿದ್ದು ಆಗ ಕಟ್ಟಲಿದ್ದ ಸೆಕೆಂಡ್ ಅವೆನ್ಯೂ ಮಾರ್ಗಕ್ಕೆ. ರೈಲು 1949ರಲ್ಲೇ ಬಂತು. ಮಾರ್ಗದ ಮೊದಲ ಭಾಗ ತೆರೆದದ್ದು 2017ರ ಜನವರಿ 1ರಂದು! ಸರ್ಕಾರಿ ಕಾಮಗಾರಿಗಳ ವಿಳಂಬದಲ್ಲಿ ನಮಗೆ ಸರಿಸಾಟಿ ಯಾರೂ ಇಲ್ಲವೆಂದು ನಂಬಿರುವವರು ಇದನ್ನು ಗಮನಿಸಬೇಕು.

ಪ್ಲಾಟ್‌ಫಾರ್ಮಿನ ಅಂಚಿನಿಂದ ಬಗ್ಗಿ ನೋಡಿದರೆ ಎರಡು ಹಳಿಗಳ ಪಕ್ಕದಲ್ಲಿ ಹಲಗೆ ಹೊದ್ದ ಮೂರನೆಯ ಹಳಿ ಕಾಣುತ್ತದೆ. ರೈಲಿಗೆ ಕರೆಂಟು ಕೊಡುವುದು ಅದೇ. ವಸ್ತುಸಂಗ್ರಹಾಲಯವಲ್ಲವೇ, ಆರಿಸಿಟ್ಟಿರುತ್ತಾರೆಂದು ಅಂದುಕೊಳ್ಳಬೇಡಿ. ಅದರಲ್ಲಿ ಸುಮಾರು 600 ವೋಲ್ಟಿನ ವಿದ್ಯುತ್ ಹರಿಯುತ್ತಿದೆ. ಇಲ್ಲಿನ ಹಳಿ ಸುರಂಗದೊಳಗೆ ಮುಂದುವರಿದು ಊರಿನ ಉಳಿದ ಹಳಿಗಳ ಜಾಲಕ್ಕೆ ಸೇರಿಕೊಂಡಿದೆ. ಬೇಕಾದಾಗ ಇಲ್ಲಿನ ಬೋಗಿಯನ್ನು ಹೊರಗೆ ತರಬಹುದು, ಮತ್ತೆ ಒಳಗೆ ಸೇರಿಸಬಹುದು. ಉಳಿದ ಮ್ಯೂಸಿಯಂಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಈ ಒಂದು ಹಳಿಯಲ್ಲಿದೆ. ಅದಕ್ಕೆ ಮತ್ತೆ ಬರುತ್ತೇನೆ. ಅದಕ್ಕೂ ಮುಂಚೆ, ಇಲ್ಲಿ ಜಾಗ ಸಿಗದ ಸಾವಿರಾರು ಬೋಗಿಗಳು ಏನಾದವು ಎಂಬ ಕಥೆ ಹೇಳಬೇಕು.

ನ್ಯೂಯಾರ್ಕಿನ ಲೆಕ್ಕದಲ್ಲಿ ಒಂದು ಬೋಗಿಯ ಆಯಸ್ಸು 40 ವರ್ಷ. ಕಾಗದದ ಲೆಕ್ಕ ಅದು. ಬೋಗಿಯಲ್ಲಿ 40 ವರ್ಷ ಬಾಳುವ ವಸ್ತುಗಳು ಬಹಳ ಇಲ್ಲ. ಗಾಲಿ ಸವೆಯುತ್ತದೆ, ಬದಲಿಸುತ್ತಾರೆ. ಮೋಟರಿಗೆ ಹೊಸದಾಗಿ ತಂತಿ ಸುತ್ತುತ್ತಾರೆ. ಸೀಟು, ಕಿಟಕಿ, ಬಾಗಿಲಿನ ಯಂತ್ರ, ಬ್ರೇಕು ಎಲ್ಲವೂ ಒಂದಲ್ಲ ಒಂದು ದಿನ ಕಳಚಿ ಹೋಗುವಂಥವು. ಬದಲಿಸಲಾಗದ್ದು ಒಡಲು ಮಾತ್ರ. ಬಾಗಿಲ ಹೊಸ್ತಿಲಿನ ಕೆಳಗೆ, ಕಿಟಕಿಯ ಮೂಲೆಯಲ್ಲಿ, ನೆಲದ ತಗಡಿನ ಅಡಿಯಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ. ದಿನಕ್ಕೆ ಸಾವಿರ ಬಾರಿ ಕುಲುಕಿದ ಚೌಕಟ್ಟು ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಬಿರಿಯುತ್ತದೆ. ಆ ಬಿರುಕು ಕಣ್ಣಿಗೆ ಬಿದ್ದ ದಿನ ಬೋಗಿಯ ಆಯಸ್ಸು ತೀರಿತೆಂದು ಅರ್ಥ.

ಆದರೆ ಬೋಗಿ ಅದಕ್ಕೂ ಮುಂಚೆಯೇ ಸಾಯಬಹುದು. 1970ರ ದಶಕದಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದಾಗ ಮೊದಲು ಕತ್ತರಿ ಬಿದ್ದದ್ದು ರಿಪೇರಿಗೆ. ಕೆಟ್ಟಾಗ ನೋಡಿದರಾಯಿತು ಎಂಬುದೇ ನೀತಿಯಾಯಿತು. ಒಳಗೂ ಹೊರಗೂ ಬಣ್ಣದ ಡಬ್ಬಿಯ ಗೀಚು, ತೆರೆಯದ ಬಾಗಿಲು, ಆರಿದ ದೀಪ, ಹಳಿ ತಪ್ಪುವ ರೈಲು. 1980ರ ದಶಕದ ಶುರುವಿನಲ್ಲಿ ಒಂದು ಬೋಗಿ ಕೆಡದೆ ಓಡುತ್ತಿದ್ದ ಸರಾಸರಿ ದೂರ ಸುಮಾರು 7,000 ಮೈಲಿಯಷ್ಟೇ. 1984ರಲ್ಲಿ ಡೇವಿಡ್ ಗನ್ ಎಂಬಾತ ಬಂದು ಸಬ್‌ವೇಯ ಆಡಳಿತ ವಹಿಸಿಕೊಂಡ. ಆತನ ಆಜ್ಞೆ ಸರಳ: ಗೀಚು ಬಿದ್ದ ಬೋಗಿ ಹೊರಗೆ ಹೋಗಕೂಡದು, ತೊಳೆದು ಮತ್ತೆ ಕಳಿಸಿ. ಹಳೆಯ ಬೋಗಿಗಳನ್ನು ಪೂರ್ತಿ ಬಿಚ್ಚಿ ಮರುಕಟ್ಟಿಸುವ ಕೆಲಸವೂ ನಡೆಯಿತು. ಕೆಟ್ಟಾಗ ನೋಡುವುದು ಬಿಟ್ಟು, ಯಾವ ಭಾಗ ಎಷ್ಟು ವರ್ಷಕ್ಕೆ ಸವೆಯುತ್ತದೆಂಬ ಪಟ್ಟಿ ಮಾಡಿ, ಕೆಡುವ ಮುನ್ನವೇ ಬದಲಿಸುವ ಪದ್ಧತಿ ಬಂತು. 1989ರ ಮೇ 12ರಂದು ಗೀಚಿದ ಕೊನೆಯ ರೈಲನ್ನು ಓಟದಿಂದ ತೆಗೆದರು. 2000ನೇ ಇಸವಿಯ ಹೊತ್ತಿಗೆ ಬೋಗಿಗಳು ಕೆಡದೆ ಓಡುವ ಸರಾಸರಿ ದೂರ ಒಂದು ಲಕ್ಷ ಮೈಲಿ ದಾಟಿತ್ತು.

ಆ ಮರುಹುಟ್ಟು ಪಡೆದ ಬೋಗಿಗಳಲ್ಲಿ ಎರಡು ಕುಲಗಳ ಕಥೆ ಹೇಳಲೇಬೇಕು. ಒಂದು ಕೆಂಪು, ಇನ್ನೊಂದು ಬಿಳಿಬೆಳ್ಳಿ.

ಕೆಂಪಿನವು ‘ರೆಡ್‌ಬರ್ಡ್’ಗಳು. 1950ರ ದಶಕದ ಕೊನೆಯಿಂದ 1960ರ ದಶಕದ ಮೊದಲ ಭಾಗದವರೆಗೆ ಕಟ್ಟಿದ ಮಾಮೂಲಿ ಉಕ್ಕಿನ ಬೋಗಿಗಳು. ಗೀಚಿದರೆ ಸುಲಭವಾಗಿ ಅಳಿಸಬಹುದಾದ ಗಾಢ ಕೆಂಪು ಬಣ್ಣ ಬಳಿದದ್ದು ಗನ್‌ನ ಕಾಲದಲ್ಲಿ. ಮಳೆ, ಹಿಮ, ಉಪ್ಪು ಮೆತ್ತಿ ಅವುಗಳ ಒಡಲು ಒಳಗಿಂದಲೇ ಸವೆಯುತ್ತ ಬಂತು. 2003ರ ನವೆಂಬರ್ 3ರಂದು 7ನೇ ಮಾರ್ಗದಲ್ಲಿ ಕೊನೆಯ ರೆಡ್‌ಬರ್ಡ್ ಓಡಿತು. ಸಾವಿರಕ್ಕೂ ಹೆಚ್ಚು ಬೋಗಿಗಳನ್ನು ಗುಜರಿಗೆ ಹಾಕುವುದು ಸುಲಭದ ಮಾತಲ್ಲ. ಗೋಡೆಯೊಳಗಿನ ಅಂಟಿನಲ್ಲಿ ಕಲ್ನಾರು ಇತ್ತು, ಅದನ್ನು ಕಿತ್ತು ತೆಗೆಯಲು ದುಡ್ಡು ಸುರಿಯಬೇಕು. ಆಗ ಹೊಳೆದ ದಾರಿ ಸಮುದ್ರ. ಗಾಲಿ, ಮೋಟರು, ಸೀಟು, ಕಿಟಕಿ, ಎಣ್ಣೆ ಎಲ್ಲ ತೆಗೆದು ಬರಿಯ ಚಿಪ್ಪನ್ನು ದೋಣಿಗೆ ಹೇರಿ, ಡೆಲವೇರ್ ಕರಾವಳಿಯಾಚೆ ಸುಮಾರು 80 ಅಡಿ ಆಳಕ್ಕೆ ನೂಕಿದರು. 2001ರಿಂದ ಆರಂಭವಾದ ಈ ಕೆಲಸದಲ್ಲಿ ಅಲ್ಲಿನ ‘ರೆಡ್‌ಬರ್ಡ್ ರೀಫ್’ ಒಂದರಲ್ಲೇ ಏಳುನೂರಕ್ಕೂ ಹೆಚ್ಚು ಬೋಗಿಗಳು ಸೇರಿದವು. ಒಂದು ಕಾಲದಲ್ಲಿ ಆಫೀಸಿನ ಜನ ಜೋತು ನಿಂತಿದ್ದ ಜಾಗದಲ್ಲಿ ಈಗ ಕಪ್ಪೆಚಿಪ್ಪುಗಳು ಅಂಟಿಕೊಂಡಿವೆ, ಅವನ್ನು ತಿನ್ನಲು ಮೀನು ಬರುತ್ತವೆ, ಮೀನು ಹಿಡಿಯಲು ದೋಣಿಗಳು ಬರುತ್ತವೆ. ಬರಿಯ ಮರಳಿದ್ದ ತಳದಲ್ಲಿ ಬದುಕು ಹುಟ್ಟಿತು. ಬೋಗಿಯ ಪಾಲಿಗೆ ಇದನ್ನು ಸಾವೆನ್ನಬೇಕೋ ಬೇರೆ ಬಡಾವಣೆಗೆ ವರ್ಗವೆನ್ನಬೇಕೋ ತಿಳಿಯದು.

ಬಿಳಿಬೆಳ್ಳಿಯವು ಆರ್-32. 1964 ಮತ್ತು 65ರಲ್ಲಿ ಫಿಲಡೆಲ್ಫಿಯಾದ ಬಡ್ ಕಂಪನಿ 600 ಬೋಗಿಗಳನ್ನು ಕಟ್ಟಿಕೊಟ್ಟಿತು. ಉದ್ದುದ್ದ ಗೆರೆ ಮೂಡಿಸಿದ ಸ್ಟೇನ್‌ಲೆಸ್ ಸ್ಟೀಲ್ ತಗಡಿನ ಮೈ, ಬಣ್ಣದ ಹಂಗೇ ಇಲ್ಲ. ಹೊಸದರಲ್ಲಿ ಎಷ್ಟು ಹೊಳೆಯುತ್ತಿದ್ದವೆಂದರೆ ‘ಬ್ರೈಟ್‌ಲೈನರ್’ ಎಂಬ ಹೆಸರೇ ಬಿತ್ತು. ಡ್ರೈವರಿನ ಕೋಣೆ ಬೋಗಿಯ ಒಂದು ಪಕ್ಕಕ್ಕಷ್ಟೇ ಇದ್ದುದರಿಂದ ಮುಂದಿನ ಬಾಗಿಲ ಗಾಜು ಪ್ರಯಾಣಿಕರಿಗೆ ಸಿಕ್ಕುತ್ತಿತ್ತು. ಮಕ್ಕಳು ಮೂಗು ಗಾಜಿಗೊತ್ತಿ ನಿಂತರೆ, ಕತ್ತಲ ಸುರಂಗ, ಓಡಿಬರುವ ಹಸಿರು ಸಿಗ್ನಲ್ಲು, ದೂರದ ನಿಲ್ದಾಣದ ಬೆಳಕು ಎಲ್ಲವೂ ಎದುರಿಗೇ. ದೊಡ್ಡವರೂ ಕದ್ದು ನಿಲ್ಲುತ್ತಿದ್ದರು. ಈಗಿನ ರೈಲುಗಳಲ್ಲಿ ಡ್ರೈವರಿನ ಕೋಣೆ ಬೋಗಿಯ ಅಗಲಕ್ಕೂ ಹರಡಿಕೊಂಡಿದೆ. ಆ ಕಿಟಕಿ ಹೋಯಿತು. ಹೊಸ ರೈಲಿನಲ್ಲಿ ಏನೇ ಸೌಲಭ್ಯವಿರಲಿ, ಈ ಒಂದು ನಷ್ಟ ದೊಡ್ಡದೇ.

ಆರ್-32ಗೂ ಆಯಸ್ಸು 40ರದ್ದೇ. 1980ರ ದಶಕದ ಕೊನೆಗೆ ಮರುಕಟ್ಟುವಾಗ ಏರ್‌ಕಂಡಿಷನ್ ಕೂರಿಸಿದರು. ಮೊದಲು ಇಲ್ಲದ್ದನ್ನು ಆಮೇಲೆ ತುರುಕಿದ್ದು, ಅದು ಕೊನೆಯವರೆಗೂ ಕಾಟ ಕೊಟ್ಟಿತು. ಬೇಸಿಗೆಯಲ್ಲಿ ಸುರಂಗದ ಸೆಕೆ ತಾಳಲಾರದ ಈ ಬೋಗಿಗಳನ್ನು ಬಯಲಿನಲ್ಲಿ, ಮೇಲ್ಸೇತುವೆಗಳ ಮೇಲೆ ಓಡುವ ಮಾರ್ಗಗಳಿಗೆ ಕಳಿಸಿ, ಅಲ್ಲಿನ ಹೊಸ ಬೋಗಿಗಳನ್ನು ಇತ್ತ ತರಿಸಿಕೊಳ್ಳುವ ಏರ್ಪಾಡೂ ಆಯಿತು. ಹೊಸ ಆರ್-160 ಬೋಗಿಗಳು ಬಂದಂತೆ ಆರ್-32ಗಳೂ ಸಮುದ್ರದ ಹಾದಿ ಹಿಡಿದವು. ಇನ್ನೇನು ಎಲ್ಲವೂ ಮುಗಿಯಿತು ಎನ್ನುವಾಗ, 2009ರ ಕೊನೆಯಲ್ಲಿ, 1970ರ ದಶಕದ ಆರ್-44 ಬೋಗಿಗಳ ಒಡಲಲ್ಲಿ ಬಿರುಕು, ತುಕ್ಕು ಕಂಡುಬಂತು. ಏಳೆಂಟು ವರ್ಷ ಕಿರಿಯ ಬೋಗಿಗಳು ಒಮ್ಮೆಲೇ ಮನೆಗೆ ಹೋದವು, ಹಿರಿಯ ಆರ್-32ಗಳಲ್ಲಿ ಇನ್ನೂರಕ್ಕೂ ಹೆಚ್ಚು ಉಳಿದುಕೊಂಡವು. ಬಡ್ ಕಂಪನಿಯ ಬೆಸುಗೆಯವರ ಕೈ ಅಷ್ಟು ಗಟ್ಟಿ. ಕಂಪನಿಯೇ ರೈಲು ಕಟ್ಟುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು, ಅದರ ಬೋಗಿಗಳು ಮಾತ್ರ ದಿನವೂ ಕೆಲಸಕ್ಕೆ ಹಾಜರು.

2020ರಲ್ಲಿ ಮತ್ತೊಂದು ವಿಚಿತ್ರ. ಹೊಚ್ಚಹೊಸ ಆರ್-179 ಬೋಗಿಗಳಲ್ಲಿ ಬಾಗಿಲಿನ ದೋಷ ಕಂಡು ಜನವರಿಯಲ್ಲಿ ಎಲ್ಲವನ್ನೂ ಓಟದಿಂದ ತೆಗೆಯಬೇಕಾಯಿತು. ಜೂನ್‌ನಲ್ಲಿ ಓಡುವಾಗಲೇ ಎರಡು ಬೋಗಿಗಳು ಒಂದರಿಂದೊಂದು ಕಳಚಿಕೊಂಡವು, ಮತ್ತೆ ಎಲ್ಲವೂ ಡಿಪೊಗೆ. ಎರಡು ಸಲವೂ ಜಾಗ ತುಂಬಿದ್ದು ಐವತ್ತೈದು ದಾಟಿದ ಆರ್-32. ಕಡೆಗೂ ಅವಕ್ಕೆ ವಿದಾಯ ಹೇಳಿದ್ದು 2022ರ ಜನವರಿ 9ರ ಭಾನುವಾರ. ಬೋಗಿಗಳು ಕಿಕ್ಕಿರಿದಿದ್ದವು. ಮುಂದಿನ ಕಿಟಕಿಯ ಬಳಿ ಯಾರಿಗೂ ಜಾಗ ಸಾಲಲಿಲ್ಲ. 57 ವರ್ಷದ ಸೇವೆ. 40ರ ಲೆಕ್ಕಕ್ಕಿಂತ 17 ವರ್ಷ ಹೆಚ್ಚಿಗೆ.

ಇಲ್ಲೊಂದು ವಿಪರ್ಯಾಸ ಉಂಟು. ಹಳಿಯ ಮೇಲೆ ಅಷ್ಟು ಕಾಲ ಬಾಳಿದ ಈ ಸ್ಟೇನ್‌ಲೆಸ್ ಬೋಗಿಗಳು ಸಮುದ್ರದ ತಳದಲ್ಲಿ ನಿಲ್ಲಲಿಲ್ಲ. ನ್ಯೂಜೆರ್ಸಿಯ ಕಡೆ ಇಳಿಸಿದ ಬ್ರೈಟ್‌ಲೈನರ್‌ಗಳು ತಿಂಗಳುಗಳಲ್ಲೇ ಕುಸಿದು ತಗಡಿನ ರಾಶಿಯಾದವು. ಮೇಲೆ ತುಕ್ಕು ಹಿಡಿದು ಸತ್ತ ರೆಡ್‌ಬರ್ಡ್‌ಗಳು ಕೆಳಗೆ ಗಟ್ಟಿಯಾಗಿ ನಿಂತಿವೆ. ತೆಳು ತಗಡನ್ನು ಚುಕ್ಕಿ ಬೆಸುಗೆಯಲ್ಲಿ ಹಿಡಿದಿಟ್ಟ ಒಡಲು ಗಾಳಿಮಳೆಗೆ ಸರಿ, ಉಪ್ಪುನೀರಿನ ಒದೆತಕ್ಕಲ್ಲ. ಮುಂದೆ ಬಂದ ಬೋಗಿಗಳಲ್ಲಿ ಪ್ಲಾಸ್ಟಿಕ್ ಹೆಚ್ಚಾದ್ದರಿಂದ ಕಿತ್ತು ತೆಗೆಯುವ ಖರ್ಚು ಏರಿ, 2010ರಲ್ಲಿ ಸಮುದ್ರಕ್ಕೆ ಹಾಕುವುದೇ ನಿಂತಿತು.

ಈಗ ಮೂರನೇ ಹಳಿಯ ಮಾತು. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದು ಕ್ರಿಸ್‌ಮಸ್ ಹತ್ತಿರ ಬಂದ ವಾರಾಂತ್ಯಗಳಲ್ಲಿ ಮ್ಯಾನ್‌ಹಟನ್ನಿನ ನಿಲ್ದಾಣವೊಂದಕ್ಕೆ ಸುರಂಗದ ಕತ್ತಲಿಂದ ಕಡುಹಸಿರು ರೈಲೊಂದು ಬಂದು ನಿಲ್ಲುತ್ತದೆ. ಅವೇ ಆರ್ನೈನ್ಸ್. ಗುಜರಿಯಿಂದ ತಪ್ಪಿಸಿ, ಪುಟ್ಟಿ ಕೆರೆದು, ಬೆತ್ತ ಹೊಸದಾಗಿ ಹೆಣೆಸಿ ಉಳಿಸಿಕೊಂಡ ಬೋಗಿಗಳ ಮೆರವಣಿಗೆ. ಪ್ಲಾಟ್‌ಫಾರ್ಮಿನಲ್ಲಿ ಕಾದವರಲ್ಲಿ ಅರ್ಧ ಜನ 1940ರ ಉಡುಪಿನಲ್ಲಿ ಬಂದಿರುತ್ತಾರೆ: ಗಂಡಸರಿಗೆ ಫೆಲ್ಟ್ ಹ್ಯಾಟು, ಉದ್ದ ಕೋಟು, ಹೆಂಗಸರಿಗೆ ಕೈಗವಸು, ಕೆಂಪು ತುಟಿಬಣ್ಣ, ತಲೆಗೆ ಸುರುಳಿ. ಕಹಳೆ, ಗಿಟಾರ್ ಹೊತ್ತವರು ಒಂದು ಬೋಗಿಯ ಮೂಲೆಯಲ್ಲಿ ಆ ಕಾಲದ ಸ್ವಿಂಗ್ ನುಡಿಸಲು ಶುರುಮಾಡಿದರೆ ಓಡುವ ರೈಲಿನಲ್ಲೇ ಕುಣಿತ. ಬ್ರೇಕು ಬಿಡಿಸುವಾಗ ಕೆಳಗಿನಿಂದ ಗಾಳಿಯ ದೊಡ್ಡ ನಿಟ್ಟುಸಿರು. ವೇಗ ಹೆಚ್ಚಿದಂತೆ ನೆಲದಡಿಯ ಹಲ್ಲುಚಕ್ರಗಳಿಂದ ಒಂದು ನರಳುವ ದನಿ ಏಳುತ್ತದೆ, ಒಂದೊಂದೇ ಸ್ವರ ಮೇಲಕ್ಕೇರುತ್ತ ಹೋಗುತ್ತದೆ. ಈ ದನಿಗಾಗಿಯೇ ಬರುವವರಿದ್ದಾರೆ, ಕಿವಿಗೆ ಹೆಡ್‌ಫೋನ್ ಹಾಕಿ, ಮೈಕು ನೆಲಕ್ಕೆ ಹಿಡಿದು, ಸುತ್ತಲಿನ ಕುಣಿತದ ಮೇಲೆ ಸಿಡುಕುತ್ತ. ತೆರೆದ ಕಿಟಕಿಯಿಂದ ಸುರಂಗದ ಗಾಳಿ ನುಗ್ಗುತ್ತದೆ, ಉಕ್ಕಿನ ಧೂಳಿನ ವಾಸನೆ ಬೆರೆತ ಗಾಳಿ. ನಡುವೆ ಏನೂ ಗೊತ್ತಿಲ್ಲದೆ ಹತ್ತಿದ ಯಾರೋ ಕೆಲಸದವರು, ಕೈಯಲ್ಲಿ ತರಕಾರಿ ಚೀಲ ಹಿಡಿದು, ಇದು ಎಲ್ಲಿಗೆ ಹೋಗುತ್ತದೆಂದು ಪಕ್ಕದವರನ್ನು ಕೇಳುತ್ತಾರೆ. ಹೋಗುವ ಜಾಗಕ್ಕೇ ಹೋಗುತ್ತದೆ. ಟಿಕೆಟೂ ಮಾಮೂಲಿ ದರವೇ.

ತೇರುಮನೆಯಲ್ಲಿ ವರ್ಷವಿಡೀ ನಿಂತ ತೇರನ್ನು ರಥಸಪ್ತಮಿಗೋ ಜಾತ್ರೆಗೋ ಹೊರತೆಗೆದು ಎಳೆಯುವ ಊರುಗಳಲ್ಲಿ ಅಚ್ಚಿಗೆ ಎಣ್ಣೆ ಬೀಳುತ್ತದೆ, ಗಾಲಿ ತಟ್ಟಿ ನೋಡುವ ಬಡಗಿ ಉಳಿಯುತ್ತಾನೆ, ಮಿಣಿ ಹಿಡಿಯುವ ಕೈಗಳೂ ಉಳಿಯುತ್ತವೆ. ಈ ರೈಲಿನದೂ ಅದೇ ಏರ್ಪಾಡು. ಡಿಸೆಂಬರಿನಲ್ಲಿ ಓಡಲೇಬೇಕೆಂದರೆ ಅಕ್ಟೋಬರಿನಲ್ಲಿ ಬ್ರೇಕು ನೋಡಬೇಕು, ಅಂದರೆ ಅಂಥ ಬ್ರೇಕು ಬಲ್ಲವರು ಇರಬೇಕು. ಕೋನಿ ಐಲೆಂಡಿನ ವರ್ಕ್‌ಷಾಪಿನಲ್ಲಿ ಮತ್ತು ಮ್ಯಾನ್‌ಹಟನ್ನಿನ ಉತ್ತರ ತುದಿಯ 207ನೇ ಬೀದಿಯ ವರ್ಕ್‌ಷಾಪಿನಲ್ಲಿ ಹಳಬರು ಹೊಸಬರಿಗೆ ಆ ವಿದ್ಯೆ ದಾಟಿಸುತ್ತ ಬಂದಿದ್ದಾರೆ. ಇದರಿಂದಾಗಿಯೇ ನನ್ನ ಮಟ್ಟಿಗೆ, ಓಡುವ ಒಂದು ಹಳೆಯ ಬೋಗಿ ನಿಂತಿರುವ ಹತ್ತು ಬೋಗಿಗಳಿಗೆ ಸಮ. ನಿಂತದ್ದಕ್ಕೆ ಬಣ್ಣ ಬಳಿಯುವವನು ಸಾಕು. ಓಡುವುದಕ್ಕೆ ಒಂದು ಕಸುಬೇ ಜೀವಂತವಾಗಿರಬೇಕು.

ಬೇರೆ ಊರುಗಳಲ್ಲೂ ಲೆಕ್ಕ ಮೀರಿ ಬದುಕಿದ ರೈಲುಗಳಿವೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ 1913ರ ಡಿಸೆಂಬರ್ 1ರಂದು ದಕ್ಷಿಣ ಅಮೆರಿಕದ ಮೊದಲ ಸುರಂಗ ರೈಲುಮಾರ್ಗ ತೆರೆಯಿತು. ಬೆಲ್ಜಿಯಂನ ಬ್ರೂಜ್‌ನಿಂದ ಬಂದ ಮರದ ಬೋಗಿಗಳು, ಒಳಗೆ ಕನ್ನಡಿ, ಹೂವಿನಾಕಾರದ ದೀಪ. ಬಾಗಿಲನ್ನು ಪ್ರಯಾಣಿಕರೇ ಕೈಯಿಂದ ತೆರೆಯಬೇಕು. ಆ ಬೋಗಿಗಳು ಅದೇ ಮಾರ್ಗದಲ್ಲಿ 2013ರ ಜನವರಿಯವರೆಗೆ ಓಡಿದವು. ಪ್ರದರ್ಶನಕ್ಕಲ್ಲ, ದಿನದ ದುಡಿಮೆಗೆ. ನೂರು ತುಂಬಲು ತಿಂಗಳುಗಳಷ್ಟೇ ಬಾಕಿಯಿದ್ದಾಗ ತೆಗೆದದ್ದು ಊರಿನವರಿಗೆ ಸಿಟ್ಟು ತರಿಸಿತು. ಇಂಗ್ಲೆಂಡಿನಲ್ಲಿ 1938ರ ಕೆಂಪು ಟ್ಯೂಬ್ ರೈಲುಗಳನ್ನು ಲಂಡನ್ ಬೇಡವೆಂದ ಮೇಲೆ ಐಲ್ ಆಫ್ ವೈಟ್ ದ್ವೀಪಕ್ಕೆ ಸಾಗಿಸಿದರು. ಅಲ್ಲಿನ ರೈಡ್ ಊರಿನ ಸುರಂಗ ತೀರ ಗಿಡ್ಡ, ಮಾಮೂಲಿ ರೈಲು ಹಿಡಿಸದು. ಕುಳ್ಳ ಟ್ಯೂಬ್ ರೈಲೇ ಸರಿ. ಸಮುದ್ರದ ಉಪ್ಪುಗಾಳಿಯಲ್ಲಿ 2021ರ ಜನವರಿ 3ರವರೆಗೆ ಅವು ಓಡಿದವು. 80 ದಾಟಿದ ಆ ಬೋಗಿಗಳ ಜಾಗಕ್ಕೆ ಬಂದವೂ ಹೊಸವಲ್ಲ, ಲಂಡನ್ನಿನ ಡಿಸ್ಟ್ರಿಕ್ಟ್ ಮಾರ್ಗದಿಂದ ನಿವೃತ್ತಿಯಾದ ಬೋಗಿಗಳನ್ನು ಮರುಕಟ್ಟಿ ಕೊಟ್ಟವು.

ನಮ್ಮ ದೇಶದಲ್ಲಿ ಸುರಂಗ ರೈಲಿನ ಕಥೆ ಶುರುವಾಗುವುದು ಕೊಲ್ಕತ್ತದಲ್ಲಿ, 1984ರ ಅಕ್ಟೋಬರ್ 24ರಂದು. ಎಸ್ಪ್ಲನೇಡ್‌ನಿಂದ ಭವಾನೀಪುರಕ್ಕೆ ಮೂರೂವರೆ ಕಿಲೋಮೀಟರಿಗೂ ಕಡಿಮೆ ದೂರ. ಬೋಗಿಗಳನ್ನು ಕಟ್ಟಿದ್ದು ಚೆನ್ನೈನ ಪೆರಂಬೂರಿನ ಐಸಿಎಫ್. ಅವನ್ನು ಓಡಿಸಿದ ವಿದ್ಯುತ್ ಉಪಕರಣಗಳು ಹೋದದ್ದು ನಮ್ಮ ಬೆಂಗಳೂರಿನ ಎನ್‌ಜಿಇಎಫ್‌ನಿಂದ. ಬೆಂಗಳೂರಿನಲ್ಲಿ ಮೆಟ್ರೊ ಎಂಬುದು ಕನಸೂ ಆಗಿರದ ಕಾಲದಲ್ಲಿ ಇಲ್ಲಿನ ಕಾರ್ಖಾನೆಯ ಕೆಲಸಗಾರರು ದೇಶದ ಮೊದಲ ಮೆಟ್ರೊಗೆ ಶಕ್ತಿ ಕೊಟ್ಟಿದ್ದರೆಂಬುದು ಈ ಊರಿಗೇ ಮರೆತುಹೋಗಿದೆ. ಏರ್‌ಕಂಡಿಷನ್ನಿಲ್ಲದ ಆ ಬೋಗಿಗಳು 37 ವರ್ಷ ದುಡಿದು, 2021ರ ಅಕ್ಟೋಬರ್ 24ರಂದೇ, ಹುಟ್ಟಿದ ದಿನವೇ, ವಿದಾಯ ಪಡೆದವು. ಮಹಾನಾಯಕ ಉತ್ತಮ್ ಕುಮಾರ್ ನಿಲ್ದಾಣದಲ್ಲಿ ಕೊನೆಯ ರೈಲನ್ನು ನಿಲ್ಲಿಸಿ ಜನರಿಗೆ ನೋಡಲು ಬಿಟ್ಟರು. ಎನ್‌ಜಿಇಎಫ್ ಕಾರ್ಖಾನೆ ಅದಕ್ಕೂ ಎಷ್ಟೋ ಮುಂಚೆ ಬಾಗಿಲು ಹಾಕಿತ್ತು. ಅದರ ವಿಶಾಲ ಆವರಣ ಈಗಲೂ ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ಇದೆ.

ಅದೇ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊ ಹೊರಟಿತು. ಬೋಗಿಗಳು ಬೆಂಗಳೂರಿನದೇ ಬಿಇಎಂಎಲ್ ಪಾಲುದಾರರ ಜೊತೆ ಸೇರಿ ಮಾಡಿಕೊಟ್ಟವು. ಇಲ್ಲಿಯೂ ಕರೆಂಟು ಮೂರನೇ ಹಳಿಯಲ್ಲೇ, 750 ವೋಲ್ಟ್. ಮೊದಲು ಬಂದ ಮೂರು ಬೋಗಿಯ ರೈಲುಗಳಿಗೆ 2018ರಿಂದ ಇನ್ನೂ ಮೂರು ಬೋಗಿಗಳನ್ನು ಸೇರಿಸುತ್ತ ಬಂದರು. ಅವು ಈಗಲೂ ಓಡುತ್ತಿವೆ. ಅವನ್ನು ಹಳೆಯವು ಎನ್ನಲು ಯಾರಿಗೂ ಮನಸ್ಸು ಬಾರದು. 1964ರಲ್ಲಿ ಬ್ರೈಟ್‌ಲೈನರ್‌ಗಳನ್ನು ನೋಡಿದವರೂ ಹಾಗೆಯೇ ಅಂದುಕೊಂಡಿದ್ದರು.

ಈ ಕಾಲದ ರೈಲುಗಳನ್ನು ಉಳಿಸುವುದು ಆರ್-1 ಉಳಿಸಿದಷ್ಟು ಸುಲಭವಲ್ಲ ಎಂಬುದೇ ತೊಡಕು. 1930ರ ಬೋಗಿಯ ಒಂದು ಭಾಗ ಮುರಿದರೆ ಒಳ್ಳೆಯ ಲೇತ್ ಕೆಲಸಗಾರ ಅಂಥದ್ದೇ ಇನ್ನೊಂದನ್ನು ಕಡೆದುಕೊಡಬಲ್ಲ. ಇವತ್ತಿನ ಬೋಗಿಯನ್ನು ಆಳುವುದು ಎಲೆಕ್ಟ್ರಾನಿಕ್ ಬೋರ್ಡುಗಳು ಮತ್ತು ಅವುಗಳೊಳಗಿನ ಸಾಫ್ಟ್‌ವೇರ್. ಇಪ್ಪತ್ತು ವರ್ಷದಲ್ಲಿ ಆ ಚಿಪ್ಪು ತಯಾರಿಸುವವರು ಇರುವುದಿಲ್ಲ, ಆ ಸಾಫ್ಟ್‌ವೇರ್ ಓದುವ ಕಂಪ್ಯೂಟರೂ ಇರುವುದಿಲ್ಲ. ಮೈ ಗಟ್ಟಿಯಿದ್ದರೂ ತಲೆ ಕೆಟ್ಟ ರೈಲು ಡಿಪೊದ ಮೂಲೆ ಸೇರುತ್ತದೆ. ಆದ್ದರಿಂದ ನಿವೃತ್ತಿಯ ದಿನ ಬಂದಾಗ ಯೋಚಿಸಿದರಾಯಿತು ಎಂಬ ಮಾತು ಇಲ್ಲಿ ನಡೆಯದು. ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಮಹಾರಾಣಿಯವರ ಸಲೂನ್ ಬೋಗಿಯನ್ನು 1979ರಿಂದ ನಿಲ್ಲಿಸಿ ಕಾಪಾಡಿದ್ದಾರೆ, ಅದು ಆದದ್ದೂ ಯಾರೋ ಸಮಯಕ್ಕೆ ಮನಸ್ಸು ಮಾಡಿದ್ದರಿಂದ.

ಬೆಂಗಳೂರು ಮೆಟ್ರೊದವರಲ್ಲಿ ಕೇಳಿಕೊಳ್ಳುವುದು ಇಷ್ಟು. 2011ರ ಆ ಮೊದಲ ರೈಲುಗಳಲ್ಲಿ ಒಂದು ಮೂರು ಬೋಗಿಯ ಸೆಟ್ಟನ್ನು ಗುರುತು ಮಾಡಿಡಿ. ಅದರ ನಕ್ಷೆಗಳು, ಬಿಡಿ ಬೋರ್ಡುಗಳು, ಸಾಫ್ಟ್‌ವೇರಿನ ಪ್ರತಿಗಳನ್ನು ಒಂದು ಕಡೆ ಜೋಪಾನ ಮಾಡಿ. ಅದನ್ನು ರಿಪೇರಿ ಮಾಡುತ್ತ ಬಂದ ಮೆಕ್ಯಾನಿಕ್‌ಗಳ ಮಾತನ್ನು ಅವರು ನಿವೃತ್ತರಾಗುವ ಮುಂಚೆ ದಾಖಲಿಸಿ. ಗುಜರಿಯ ಟೆಂಡರು ಕರೆಯುವ ಕಾಲ ಬಂದಾಗ ಆ ಮೂರು ಬೋಗಿಗಳ ನಂಬರು ಪಟ್ಟಿಯಲ್ಲಿ ಸೇರದಂತೆ ಕಡತದಲ್ಲಿ ಈಗಲೇ ಬರೆದಿಡಿ. ಬರೆದಿಡಲು ಖರ್ಚೇನೂ ಆಗುವುದಿಲ್ಲ.